ಅತ್ತೆಗೆ ಬಿಳಿ ಉಣ್ಣೆ

ಚಂದಮ್ಮ,

ಉಳಿದ ಕುರಿಗಳ ಉಣ್ಣೆ ಕತ್ತರಿಸಲು ಗೊಲ್ಲಾಳಪ್ಪನನ್ನು ಕರೆತರಲೆಂದು ಸುಲೇಪೇಟಕ್ಕೆ ಹೊರಟಿದ್ದೇನೆ. ನಿನ್ನೆ ಕತ್ತರಿಸಿ ತೊಳೆದದ್ದನ್ನು ಅಂಗಳದ ಹಾಸುಗಲ್ಲಿನ ಮೇಲೆ ಹರವು. ಮುಳ್ಳು ಆರಿಸಿ, ಕರಿಯದನ್ನೂ ಬಿಳಿಯದನ್ನೂ ಬೇರೆಬೇರೆ ಇಡು.

ನಿನ್ನ ಅತ್ತೆಗೆ ನೂಲಲು ಬಿಳಿಯದನ್ನೇ ಕೊಡು. ಕರಿ ನೂಲು ಕಡಿದರೆ ಅದರ ತುದಿ ಅವಳಿಗೀಗ ಕಾಣುವುದಿಲ್ಲ. ಕೇಳಿದರೆ, “ನನ್ನ ಕಣ್ಣಿಗೇನಾಗ್ಯಾದ? ನಿಮ್ಮ ಚಷ್ಮಾ ಒರಸ್ಕೋರಿ,” ಎಂದು ನನ್ನನ್ನೇ ಗದರುತ್ತಾಳೆ. ನೂಲುವುದನ್ನು ಬಿಡು ಎನ್ನಲಾರೆ. ಕದಿರು ತಿರುಗದ ಮಧ್ಯಾಹ್ನಗಳು ಅವಳಿಗೆ ಎಷ್ಟು ದೀರ್ಘವೆಂಬುದನ್ನು, ಅವಳು ಜ್ವರದಲ್ಲಿ ಮಲಗಿದ್ದಾಗ ಕಂಡಿದ್ದೇನೆ.

ಕರಿಯದು ಇನ್ನೂ ಹಸಿಯಿದೆ ಎಂದು ಹೇಳು. ಮುಟ್ಟಿದರೆ ಅದು ಒಣಗಿರುವುದು ಅವಳ ಬೆರಳುಗಳಿಗೆ ತಿಳಿದೇ ತಿಳಿಯುತ್ತದೆ. ಅವಳು ಏನೂ ಅನ್ನದಿದ್ದರೆ ನೀನೂ ಅನ್ನಬೇಡ. ಪಕ್ಕದಲ್ಲಿ ಕುಳಿತು ಬಿಳಿ ಉಣ್ಣೆಯನ್ನು ಹಿಂಜಿಕೊಡು.

— ನಿನ್ನ ಮಾವ