ಪ್ರಜ್ಞಾ ವಿಮಾನ ಏರುವ ಮುಂಚೆ

ಅಕ್ಕಾ,

ಊಟವಾಗಿದೆ. ಫೋನಿನಲ್ಲಿ ನೀನು ಮೊದಲು ಕೇಳುತ್ತಿದ್ದದ್ದು ಅದನ್ನೇ, ಅದಕ್ಕೇ ಮೊದಲು ಬರೆದುಬಿಟ್ಟೆ. ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ಈ ಪತ್ರ. ಮೂಡಲಗಿಯ ಮನೆಯಿಂದ ಹುಕ್ಕೇರಿಗೆ ಮೂರು ಸಲ ಹೋಗಿ ಬಂದು ಬೆನ್ನು ಬಸ್ಸಿನ ಸೀಟಿನ ಆಕಾರಕ್ಕೆ ಬಂದಿದೆ. ಯಾತಕ್ಕೆ ಅಂತೀಯಾ? ಘೋಡಗೇರಿಯ ಹೊಲದ ಸಲುವಾಗಿ. ಹೌದು, ಮತ್ತೆ ಅದೇ ಹೊಲ. ಬೇರೆ ಏನಾದರೂ ಬರೆಯೋಣವೆಂದರೆ... ಇರಲಿ.

ಆ ಹೊಲ ಮಾರಾಟಕ್ಕೆ ಬಂದಾಗ ನೀನು ಮಸ್ಕತ್ತಿಗೆ ನರ್ಸಾಗಿ ಹೋಗಿ ಒಂಬತ್ತು ವರ್ಷವಾಗಿತ್ತು. ಅವ್ವ ಜೀವಮಾನವಿಡೀ ಕೂಲಿಗೆ ಕಳೆ ಕಿತ್ತ ಎರಡು ಎಕರೆ. "ತಮ್ಮಾ ರಮ್ಯಾ, ಬಿಡಬ್ಯಾಡ ಅದನ್ನ. ನನ್ನ ಹೆಸರ್ಲೆ ಹಿಡಿ," ಎಂದು ನೀನು ಫೋನಿನಲ್ಲೇ ಅವಸರ ಮಾಡಿದೆ. ಗೋಕಾಕದ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಫಾರ್ಮು ತುಂಬುವ ನಾನು ನನ್ನ ವಿದ್ಯೆ ತೋರಿಸಿದೆ: ಹೊರದೇಶದಲ್ಲಿ ದುಡಿಯುತ್ತ ಅಲ್ಲೇ ಇರುವವರು ಇಲ್ಲಿ ಮನೆ ಕೊಳ್ಳಬಹುದು, ಪ್ಲಾಟು ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ.

"ಘೋಡಗೇರಿಯಾಗ ಹುಟ್ಟಿದಾಕಿ ನಾ. ಹೊರದೇಶದಾಕಿ ಯಾವಾಗ ಆದ್ನೋ?"

"ಪಗಾರ ರಿಯಾಲಿನ್ಯಾಗ ಬರಾಕತ್ತಿದ ದಿನಾ."

ನೀನು ನಗಲಿಲ್ಲ. "ಹಂಗಾರ ನಿನ್ನ ಹೆಸರ್ಲೆ ಹಿಡಿ. ಪ್ರಜ್ಞಾ ದೊಡ್ಡಾಕಿ ಆದ ಮ್ಯಾಲ ಆಕಿ ಹೆಸರಿಗಿ ಮಾಡಿಕೊಡು. ಆತಿಲ್ಲೋ?" ಆತು ಎಂದೆ. ರೊಕ್ಕ ನನ್ನ ಖಾತೆಗೆ ಬಂತು, ಹೊಲ ನನ್ನ ಹೆಸರಿಗೆ ಬಂತು. ಕಾಗದದ ಪ್ರಕಾರ ಅದು ಅಕ್ಕ ತಮ್ಮನಿಗೆ ಪ್ರೀತಿಯಿಂದ ಕೊಟ್ಟ ಹಣ. ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದ ನಿನ್ನ ಮಗಳು ಪ್ರಜ್ಞಾಗೆ ಅದು ಸೇರಬೇಕೆಂಬುದು ನಮ್ಮಿಬ್ಬರ ಬಾಯಿಮಾತು. ಆ ಎರಡು ಬಾಯಿಗಳಲ್ಲಿ ಈಗ ಒಂದು...

"ಮಸ್ಕತ್ತು, ಏನ್ ಗಮ್ಮತ್ತು?" ಎನ್ನುತ್ತಲೇ ನಾನು ಫೋನ್ ಎತ್ತುತ್ತಿದ್ದದ್ದು ನೆನಪಿದೆಯಾ? "ನಿನ್ನ ಪ್ರಾಸಕ್ಕ ಬೆಂಕಿ ಹಚ್ಚ! ಹನ್ನೆರಡ ತಾಸ ನಿಂತ ಬಂದೇನಿ," ಎಂದು ನೀನು ಬೈಯುತ್ತಿದ್ದೆ. ಬೈಸಿಕೊಂಡರೂ ಚಟ ಹೋಗಲಿಲ್ಲ. ಆಫೀಸಿನ ನನ್ನ ಮೇಜಿಗೆ ಒಂದು ಚೀಟಿ ಅಂಟಿಸಿದ್ದೇನೆ: "ವಿಮಾನ ಏರೋ ಮುಂಚೆ ಕಾಗದ ಮಾಡು, ಏರಿದ ಮೇಲೆ ಕಿಟಕಿ ನೋಡು." ಕೌಜಲಗಿಯಿಂದ, ಧುಪದಾಳದಿಂದ ದುಬೈಗೋ ಕತಾರಿಗೋ ಹೊರಟವರು ಅದನ್ನು ಓದಿ ನಗುತ್ತಾರೆ. ಆಮೇಲೆ, "ಹೋದ ಮ್ಯಾಲ ಮಾಡೂಣ ಬಿಡ್ರಿ ಸರ್," ಅನ್ನುತ್ತಾರೆ. ಬ್ಯಾಂಕಿಗೆ ತಿಳಿಸಿ ಖಾತೆ ಬದಲಿಸಿಕೊಳ್ಳಿ, ನಾಮಿನಿ ಹಾಕಿ, ನಿಮ್ಮ ಪರವಾಗಿ ಸಹಿ ಮಾಡಲು ಮನೆಯಲ್ಲಿ ಒಬ್ಬರಿಗೆ ಮುಖತ್ಯಾರಪತ್ರ ಬರೆದುಕೊಡಿ. ಎಷ್ಟು ಜನಕ್ಕೆ ಹೇಳಿದ್ದೇನೋ. ನಾಲಿಗೆ ಸವೆದಿದೆ. ಪಗಾರ ಸವೆದಿಲ್ಲ, ಸವೆಯುವಷ್ಟು ಅದು ಬೆಳೆದೇ ಇಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಕೊನೆಯ ವಾರ ಮಲಗಿದ್ದಾಗಲೂ ನೀನು ಸಲೈನ್ ಜೋರಾಗಿ ಹನಿಯುತ್ತಿದೆಯೆಂದು ಅಲ್ಲಿನ ಹುಡುಗಿಯನ್ನು ಕರೆದು ಸರಿಮಾಡಿಸಿದೆ. ಆಮೇಲೆ ನನ್ನ ಕಡೆ ತಿರುಗಿ, "ಹೊಲದ್ದು..." ಅಂದೆ. ಅಷ್ಟರಲ್ಲಿ ಡಾಕ್ಟರು ಬಂದರು. ಅದು ಪ್ರಶ್ನೆಯೋ, ಅಪ್ಪಣೆಯೋ? ನಾನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕೊಡಬೇಕಾಗುತ್ತಿತ್ತಲ್ಲ.

ಕಳೆದ ತಿಂಗಳು ಪ್ರಜ್ಞಾ ಕರದಂಟಿನ ಡಬ್ಬಿ ಹಿಡಿದು ಮನೆಗೆ ಬಂದಳು. "ಮಾಮಾ, ವೀಸಾ ಬಂತು! ಐರ್ಲೆಂಡ್. ಇನ್ನ ಮೂರ ವಾರಕ್ಕ ವಿಮಾನ." ನಿನ್ನ ಹಾಗೆಯೇ ನರ್ಸು, ನಿನ್ನ ಹಾಗೆಯೇ ಕೂರದೆ ನಿಂತೇ ಮಾತು. ನಾನು ಕರದಂಟು ಬಾಯಿಗೆ ಹಾಕಿಕೊಂಡೆ. ಅಗಿಯುವಾಗ ಮಾತಾಡಬೇಕಾಗಿಲ್ಲ ನೋಡು. ತಲೆಯೊಳಗೆ ಮಾತ್ರ ಕಾಯಿದೆ ತಾನಾಗಿಯೇ ತೆರೆದುಕೊಂಡಿತು. ಇಲ್ಲಿರುವಾಗಲೇ ಹೊಲ ಅವಳ ಹೆಸರಿಗಾದರೆ, ಹೋದ ಮೇಲೂ ಅವಳದೇ. ಕೆಲಸಕ್ಕೆಂದು ಅವಳು ಹೊರಟುಹೋದರೆ, ಆಮೇಲೆ ನಾನು ದಾನ ಕೊಡುತ್ತೇನೆಂದರೂ ಅವಳು ಪಡೆಯುವಂತಿಲ್ಲ. ಅವಳು ಕಾಯಂ ಆಗಿ ಮರಳಬೇಕು, ಇಲ್ಲವೇ ನಾನು ಉಯಿಲು ಬರೆದಿಟ್ಟು ಸತ್ತ ಮೇಲೆ ಬರಬೇಕು. ಅಂದರೆ ನಾನು ಯಾವ ಮೋಸವನ್ನೂ ಮಾಡಬೇಕಿರಲಿಲ್ಲ, ಅಕ್ಕಾ. ಮೂರು ವಾರ ಸುಮ್ಮನಿದ್ದರೆ ಸಾಕಿತ್ತು. ಆಮೇಲೆ, "ಕಾಯಿದೆ ಬಿಡಾಂಗಿಲ್ಲವ್ವಾ, ನಾ ಏನ ಮಾಡ್ಲಿ," ಎಂದು ಕೈಚೆಲ್ಲಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

ಹನ್ನೊಂದು ದಿನ ಸುಮ್ಮನಿದ್ದೆ. ಬಾಡಿಗೆ ಮನೆ, ಇಬ್ಬರು ಹುಡುಗರ ಕಾಲೇಜು, ಆ ಹೊಲದ ಕಬ್ಬಿಗೆ ಕಾರ್ಖಾನೆಯಿಂದ ಬಿಲ್ಲಿನ ಹಣ ಬಂದಾಗಲೇ ನಮ್ಮ ಮನೆಯಲ್ಲಿ ಹೊಸ ಬಟ್ಟೆ. ಕಾರಣಗಳಿಗೆ ಬರವೇ? ಹನ್ನೊಂದನೆಯ ದಿನ ನನ್ನ ಹೆಂಡತಿ ಸುಮಿತ್ರಾ ರೊಟ್ಟಿ ಬಡಿಯುತ್ತ ಕೇಳಿದಳು.

"ಹುಡುಗಿ ಹೋಗೂದ್ರಾಗ ಹೊಲದ ಕಾಗದ ಮಾಡಬೇಕಲ್ರಿ?"

"ನಿನಗ್ಯಾರ ಹೇಳಿದ್ರು?"

"ದಿನಾ ಮಂದಿಗಿ ಫೋನಿನ್ಯಾಗ ಇದನ್ನ ಒದರತೀರಿ. ನಾ ಏನ ಕಿವುಡಿ ಏನ್ರಿ?" ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನನ್ನ ಕೇಳಿದ್ರ ಕೊಡಬ್ಯಾಡ್ರಿ. ನಮಗೂ ಎರಡ ಮಕ್ಕಳದಾವು. ಆಕಿನ್ನ ಸಾಕಿದವರೂ ನಾವ. ಖರೆ, ಕೊಡಾಂಗಿಲ್ಲಂತ ಆಕಿ ಮಾರಿ ನೋಡಿ ಹೇಳ್ರಿ. ಹಿಂಗ ದಿನಾ ಎಣಿಸ್ಕೋತ ಕುಂಡ್ರಬ್ಯಾಡ್ರಿ. ಅದು ಕಳ್ಳರ ಕೆಲಸ."

ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ಕೊಡುವುದೇ ಸುಲಭವೆನಿಸಿತು. ನನ್ನ ದೊಡ್ಡತನ ಹುಟ್ಟಿದ್ದು ಹೀಗೆ. ಯಾರಿಗೂ ಹೇಳಬೇಡ. ಇನ್ನು ನೀನು ಯಾರಿಗೆ ಹೇಳುತ್ತಿ...

ಪ್ರಜ್ಞಾಗೆ ಫೋನ್ ಮಾಡಿದರೆ, ಅವಳು ಬೆರಗಾಗಲೂ ಇಲ್ಲ, ಅಳಲೂ ಇಲ್ಲ. "ಆತು ಮಾಮಾ. ಯಾವಾಗ ಹೋಗೂಣು?" ಅಂದಳು ಅಷ್ಟೆ. ಘೋಡಗೇರಿಯ ಹೊಲಕ್ಕೆ ಹುಕ್ಕೇರಿಯ ನೋಂದಣಿ ಕಚೇರಿ. ಮೊದಲ ಸಲ ಸರ್ವರ್ ಇರಲಿಲ್ಲ. ಎರಡನೆಯ ಸಲ ಸರ್ವರ್ ಇತ್ತು, ನಾನು ಒಯ್ದ ಪಹಣಿ ಉತಾರ ಹಳೆಯದಾಗಿತ್ತು. ಮೂರನೆಯ ಸಲ ಎಲ್ಲವೂ ಇತ್ತು, ಸುಮಿತ್ರಾಳೂ ಜೊತೆಗಿದ್ದಳು, ವಿಮಾನಕ್ಕೆ ನಾಲ್ಕೇ ದಿನ ಉಳಿದಿತ್ತು.

"ಈಕಿ ನಿಮಗ ಏನ ಆಗಬೇಕ್ರಿ?" ಎಂದು ಗುಮಾಸ್ತ ಕೇಳಿದ.

"ಅಕ್ಕನ ಮಗಳು."

"ಹಂಗಾರ ಕುಟುಂಬದಾಗ ಬರಾಂಗಿಲ್ಲ. ಸ್ಟ್ಯಾಂಪ್ ಶುಲ್ಕ ಪೂರಾ ಕಟ್ರಿ."

ಆದಾಯ ತೆರಿಗೆಯ ಪಟ್ಟಿಯಲ್ಲಿ ಸೋದರಮಾವ ಸಂಬಂಧಿಕ, ಆದ್ದರಿಂದ ಈ ದಾನಕ್ಕೆ ಅವಳು ತೆರಿಗೆ ಕಟ್ಟಬೇಕಿಲ್ಲ. ಸ್ಟ್ಯಾಂಪಿನ ಪಟ್ಟಿಯಲ್ಲಿ ಅದೇ ಸೋದರಮಾವ ದಾರಿಹೋಕ. "ಲಗ್ನದಾಗ ಮಾತ್ರ ಎಲ್ಲಾಕ್ಕೂ ಮೊದಲ ಮಾಮಾನ್ನ ಹುಡುಕತೀರಲ್ರಿ," ಎಂದೆ. "ಅದನ್ನ ಬೆಂಗಳೂರಿಗಿ ಬರದ ಕಳಸ್ರಿ," ಎಂದು ಅವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. ಕಬ್ಬಿನ ಬಿಲ್ಲಿನಲ್ಲಿ ಉಳಿದದ್ದನ್ನು ಕಟ್ಟಿದೆ. ಫೋಟೋ, ಹೆಬ್ಬೆಟ್ಟು, ಸಹಿ. ಹೊಲ ನಿನ್ನ ಮಗಳದಾಯಿತು.

ಅವಳು ದೂರದಲ್ಲಿರುವಾಗ ಹೊಲ ನೋಡಿಕೊಳ್ಳಲು ಒಂದು ಮುಖತ್ಯಾರಪತ್ರವೂ ಬೇಕಿತ್ತು. ವಕೀಲರು ಅದರಲ್ಲಿ ನನ್ನ ಹೆಸರು ಟೈಪ್ ಮಾಡಿಸಿಕೊಂಡೇ ಬಂದಿದ್ದರು. ಇನ್ನು ಯಾರ ಹೆಸರು ಹಾಕುತ್ತಾರೆ? ಪ್ರಜ್ಞಾ ಪೂರ್ತಿ ಓದಿ ಹಾಳೆಯನ್ನು ವಾಪಸ್ಸು ಕೊಟ್ಟಳು.

"ಅತ್ತೀ ಹೆಸರ ಹಾಕ್ರಿ."

ಸುಮಿತ್ರಾ ಬೆಚ್ಚಿಬಿದ್ದಳು. "ನನ್ನ ಹೆಸರ ಯಾಕವ್ವಾ? ನಾ ಕೊಡಬ್ಯಾಡ್ರಿ ಅಂದಾಕಿ!"

"ಗೊತ್ತೈತಿ ಅತ್ತಿ. ಬರೂವಾಗ ಬಸ್ಸಿನ್ಯಾಗ ನೀನ ಹೇಳಿದಿ, ನನ್ನ ಮಾರಿ ಮ್ಯಾಲ." ಆಮೇಲೆ ನನ್ನ ಕಡೆ ತಿರುಗಿದಳು. "ಮಾಮಾ, ಹೊಲದ ಮಾತ ಅವ್ವ ನನಗ ಹೇಳಿದ್ಲು. ಕಾಯಿದೆನೂ ಗೊತ್ತಿತ್ತು. ಹೊರಗ ಹೊಂಟ ನರ್ಸ್ ಹುಡುಗ್ಯಾರೆಲ್ಲಾ ಇದನ್ನ ಮಾತಾಡ್ತಾರ. ಹನ್ನೊಂದ ದಿನಾ ನಿನ್ನ ಫೋನಿನ ದಾರಿ ನೋಡಿದೆ."

"ಮತ್ತ ನೀನ ಕೇಳಬೇಕಿತ್ತಿಲ್ಲವ್ವಾ?"

"ಕೇಳಿದ್ರ ಕೊಡ್ತಿದ್ದಿ. ಕೇಳದ ಕೊಡ್ತಿಯೋ ಇಲ್ಲೋ, ಅದನ್ನ ನೋಡಬೇಕಾಗಿತ್ತು."

ಜಗಳವಾಡುವ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ರೋಗಿಗೆ ಜ್ವರ ಎಷ್ಟಿದೆಯೆಂದು ಹೇಳುವ ಹಾಗೆ ಹೇಳಿದಳು. ವಕೀಲರು ಟೈಪಿಂಗ್ ಅಂಗಡಿಗೆ ಮತ್ತೆ ಹೋದರು. ನನ್ನ ಬಾಯಿಗೆ ಒಂದು ಪ್ರಾಸವೂ ಬರಲಿಲ್ಲ.

"ಮತ್ತ ನಾ?" ಎಂದೆ.

"ನೀ ಸಾಕ್ಷಿ ಹಾಕು ಮಾಮಾ."

ನಿನ್ನೆ ಅವಳು ಮುಟ್ಟಿದ ಸುದ್ದಿ ಬಂತು. ಅಲ್ಲಿ ಥಂಡಿಯಂತೆ, ಮಂದಿ ಒಳ್ಳೆಯವರಂತೆ. ಇಲ್ಲಿ ಹೊಲ ಅವಳದು, ಕಾರಭಾರ ಸುಮಿತ್ರಾಳದು. ಮುಖತ್ಯಾರಪತ್ರದ ಕೊನೆಯಲ್ಲಿ, ಸಾಕ್ಷಿ ಎಂದು ಬರೆದ ಕಡೆ ನನ್ನ ಸಹಿ ಇದೆ. ಅವಳು ಹಾಕು ಅಂದ ಕೂಡಲೇ ಹಾಕಿದೆ, ಅಕ್ಕಾ. ಈ ಸಲ ದಿನ ಎಣಿಸಲಿಲ್ಲ.

ನಿನ್ನ ತಮ್ಮ,
ರಮ್ಯಾ