ತರಿಸಿದ ಹಲ್ವಾ

ಡ್ಯೂಸ್‌ಬುರ್ಗ್, ಜರ್ಮನಿ
ನವೆಂಬರ್ ೮, ಶುಕ್ರವಾರ

ತುರ್ಗಾಯ್,

ಹೆಸರಿಗೆ ಮೊದಲು ಏನು ಬರೆಯಬೇಕೆಂದು ತಿಳಿಯಲಿಲ್ಲ, ಬರೀ ಹೆಸರು ಬರೆದಿದ್ದೇನೆ. ನಾನು ಚೆನ್ನಾಗಿಯೂ ಇಲ್ಲ, ಕೆಟ್ಟದಾಗಿಯೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಆಸ್ಪತ್ರೆಯ ಬಟ್ಟೆ ಒಗೆಯುತ್ತೇನೆ, ಸಂಜೆ ಮನೆಗೆ ಬರುತ್ತೇನೆ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಒಂದು ವರ್ಷದಿಂದ ಮೈಯೆಲ್ಲ ಹಾಗೇ ಇದೆ.

ನಿನ್ನ ವಕೀಲರ ಕಾಗದ ಬಂತು. ಬೇರೆಯಾಗಿ ವರ್ಷ ತುಂಬಿತಂತೆ, ನಾನು ಒಪ್ಪಿ ಸಹಿ ಹಾಕಿದರೆ ವಿಚ್ಛೇದನ ಬೇಗ ಮುಗಿಯುತ್ತದಂತೆ. ಅದನ್ನು ಚೀಲದಲ್ಲಿಟ್ಟುಕೊಂಡೇ ಇವತ್ತು ಮಧ್ಯಾಹ್ನ ನಮ್ಮ ಬಾಣಸಿಗ ಹಾಲಿಸ್ ಉಸ್ತಾನ ಅಂಗಡಿಗೆ ಊಟಕ್ಕೆ ಹೋದೆ.

ಶುಕ್ರವಾರ ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಅದೇ ಸಾಲು, ಗಾಜಿನ ಹಿಂದೆ ಅದೇ ತಟ್ಟೆಗಳು, ಇದು ಬೇಕು ಅದು ಬೇಕು ಎಂದು ಬೆರಳು ತೋರಿಸುವುದು. ಗೋಡೆಯ ಮೇಲಿನ ಹಲಾಲ್ ಪತ್ರವೂ ಅಲ್ಲೇ ಇದೆ. ನಿನ್ನ ಅಮ್ಮ ಪ್ರತಿ ಸಲವೂ ಕನ್ನಡಕ ಹಾಕಿಕೊಂಡು ಅದರ ತಾರೀಖು ಓದಿ, ಆಮೇಲೇ ಕುರ್ಚಿ ಎಳೆಯುತ್ತಿದ್ದರು. "ಹಾಜಿ ಮಗ ನಾನು, ನನ್ನ ಮೇಲೂ ನಂಬಿಕೆ ಇಲ್ವಾ ಅಮ್ಮಾ?" ಎಂದು ಉಸ್ತಾ ಕೆಣಕಿದರೆ, "ಹಾಜಿ ಮೇಲೆ ಇದೆ, ಮಗನ್ನ ನೋಡ್ತಾ ಇದೀನಿ" ಎನ್ನುತ್ತಿದ್ದರು. ಆ ಪತ್ರವನ್ನು ಈಗ ಯಾರೂ ಓದುವುದಿಲ್ಲ.

ನೀನು ಮನೆ ಬಿಟ್ಟದ್ದನ್ನು ನಾನು ಉಸ್ತಾನಿಗೆ ಹೇಳಿರಲಿಲ್ಲ. ಮೊದಲ ಶುಕ್ರವಾರ "ಅಣ್ಣ ಎಲ್ಲಿ ಅತ್ತಿಗೆ?" ಎಂದು ಕೇಳಿದ. ಪಾಳಿ ಮುಗಿಸಿ ಮಲಗಿದ್ದಾನೆ ಎಂದುಬಿಟ್ಟೆ. ಅಂದಿನಿಂದ ವಾರವಾರವೂ ನಿನ್ನ ಪಾಲಿನ ಮಾಂಸದ ರೊಟ್ಟಿ ಸುತ್ತಿ ಕೊಡುತ್ತಾನೆ, ಈರುಳ್ಳಿ ಹಾಕದೆ, ಖಾರ ಜಾಸ್ತಿ ಹಾಕಿ. ರೊಟ್ಟಿಯನ್ನು ಕಸಕ್ಕೆ ಹಾಕಲು ನನ್ನ ಕೈ ಬರುವುದಿಲ್ಲ, ನಿನಗೂ ಗೊತ್ತು. ಶನಿವಾರ ನಾನೇ ತಿನ್ನುತ್ತೇನೆ. ಈರುಳ್ಳಿ ಇಲ್ಲದೆ ತುತ್ತು ಎತ್ತದಿದ್ದವಳು ಒಂದು ವರ್ಷದಿಂದ ನಿನ್ನ ರುಚಿಯಲ್ಲಿ ಉಣ್ಣುತ್ತಿದ್ದೇನೆ.

ಇವತ್ತು ಊಟ ಮುಗಿಸಿ, "ಉಸ್ತಾ, ಅವನದ್ದು ಕಟ್ಟಬೇಡಿ" ಎಂದೆ. ಅವನು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಮೇಜಿಗೇ ಬಂದ.

"ಅತ್ತಿಗೆ, ಅವನು ಮಂಗಳವಾರ ಮಂಗಳವಾರ ಬರ್ತಾನೆ. ನಿಮ್ಮ ಪಾಲು ಕಟ್ಟಿಸ್ಕೊಂಡು ಹೋಗ್ತಾನೆ, ಈರುಳ್ಳಿ ಜಾಸ್ತಿ ಹಾಕಿಸಿ. ಕೇಳಿದ್ರೆ ಅವಳಿಗೆ ಸೊಂಟನೋವು, ಮಲಗಿದಾಳೆ ಅಂತಾನೆ. ಒಂದು ವರ್ಷದಿಂದ ಯಾರಾದ್ರೂ ಒಬ್ರು ಮಲಗೇ ಇರೋ ಮನೆ ಅದ್ಯಾವುದಪ್ಪಾ ಅಂತ ನಾನೂ ನೋಡ್ತಾನೇ ಇದೀನಿ."

ನಗಬೇಕಿತ್ತು, ನಗು ಬರಲಿಲ್ಲ. ಅಳುವೂ ಬರಲಿಲ್ಲ. ಉಸ್ತಾ ಚಹಾ ತಂದಿಟ್ಟ. ಸಾಕೆನ್ನಲು ಲೋಟದ ಮೇಲೆ ಚಮಚ ಅಡ್ಡ ಇಡುವುದನ್ನು ನಾನು ಮರೆತೆ, ಅವನು ತುಂಬಿಸುತ್ತಲೇ ಇದ್ದ. ಐದು ಲೋಟ ಕುಡಿದೆ. ಒಂದೇ ಒಂದು ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಈರುಳ್ಳಿ ನಿನಗೆ ಎದೆಯುರಿ. ಅದನ್ನೆಲ್ಲ ತಿಂದೆಯಾ, ಆರಿಸಿ ಬದಿಗಿಟ್ಟೆಯಾ?

ನಿನ್ನ ಅಮ್ಮ ತೀರಿಕೊಂಡ ದಿನದ ಮಾತಿಗೆ ಬರುತ್ತೇನೆ. ನಮ್ಮ ಪದ್ಧತಿಯಂತೆ ಅವತ್ತು ಮನೆಯಲ್ಲೇ ರವೆ ಹುರಿದು ಹಲ್ವಾ ಮಾಡಬೇಕಿತ್ತು, ಆ ಘಮ ಅವರನ್ನು ಮುಟ್ಟಬೇಕಿತ್ತು. ನಾನು ಉಸ್ತಾನ ಅಂಗಡಿಯಿಂದ ಎರಡು ತಟ್ಟೆ ತರಿಸಿದೆ. ಎಲ್ಲರೂ ಚಮಚ ಹಿಡಿದು ಕೂತಿದ್ದಾಗ ತಟ್ಟೆಯ ಮೇಲೆ ಅಂಗಡಿಯ ಹೆಸರಿದ್ದ ಮುಚ್ಚಳ ನೋಡಿ ನಿನ್ನ ಮುಖ ಬಾಡಿದ್ದು ಕಂಡೆ. ನಲವತ್ತನೇ ದಿನ ಪ್ರಾರ್ಥನೆ ಮುಗಿದ ಮೇಲೆ ನೀನು ಹೇಳಿದೆ, "ಆರು ವರ್ಷ ನೋಡ್ಕೊಂಡೆ ಅಂತೀಯ. ಒಂದು ಹಿಡಿ ರವೆ ಹುರಿಯೋಕೆ ಆಗ್ಲಿಲ್ವಾ ನಿಂಗೆ? ಒಂದು ಹನಿ ಕಣ್ಣೀರೂ ಇಲ್ಲ." ಆಯಾಸವಾಗಿತ್ತು ಎಂದೆ. ನೀನು ಚೀಲ ತುಂಬಿದೆ. ತಡೆಯಬೇಕೆಂದು ನನಗೂ ತೋಚಲಿಲ್ಲ.

ಕಾಗದಕ್ಕೆ ಸಹಿ ಹಾಕಿ ಇದರ ಜೊತೆಗಿಟ್ಟಿದ್ದೇನೆ. ವಕೀಲರಿಗೆ ನೇರವಾಗಿ ಕಳಿಸಲಿಲ್ಲ, ನಿನ್ನ ಕೈಗೇ ಬರಲಿ ಎಂದು. ಮುಂದಿನದು ನಿನಗೆ ಬಿಟ್ಟದ್ದು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬರುವಷ್ಟಾದರೂ ಜೀವ ಬಂದಿದ್ದರೆ ಚೆನ್ನಾಗಿತ್ತು.

ಇಂತಿ,
ಗುಲ್ಸುಮ್

ತಾ. ಕ.: ಆಯಾಸ ಎಂದದ್ದು ಸುಳ್ಳು. ಅವತ್ತು ಬೆಳಿಗ್ಗೆ ನೀನು ಮಸೀದಿಗೆ ಹೋದಾಗ ನಾನು ರವೆ ಹುರಿಯಲು ನಿಂತೆ. "ಬೆಣ್ಣೆ ಸಾಲದು ಗುಲ್ಸುಮ್" ಎಂದು ಒಳಕೋಣೆಯಿಂದ ಅಮ್ಮ ಕೂಗುತ್ತಾರೆ ಎಂದು ಕಾಯುತ್ತಾ ಕೈ ನಿಂತೇಹೋಯಿತು, ರವೆ ಕರಿಯಾಯಿತು. ಇನ್ನೊಮ್ಮೆ ಇಟ್ಟೆ, ಅದೂ ಸುಟ್ಟಿತು. ಸತ್ತವರಿಗೆ ಸುಟ್ಟ ಹಲ್ವಾ ಕೊಟ್ಟಳು ಅನ್ನಿಸಿಕೊಳ್ಳುವುದಕ್ಕಿಂತ ತರಿಸಿದಳು ಅನ್ನಿಸಿಕೊಳ್ಳುವುದೇ ವಾಸಿ ಎಂದುಕೊಂಡೆ. ಮೆಟ್ಟಿಲ ಮೇಲೆ ಸೀದ ವಾಸನೆ ಎಂದು ನೀನು ಕೇಳಿದಾಗ ಕೆಳಗಿನ ಮನೆಯವರದ್ದು ಎಂದೆ. ಬಾಣಲೆಯನ್ನು ಉಜ್ಜಿಲ್ಲ, ನೆಲಮಾಳಿಗೆಯಲ್ಲಿ ನೀನು ಬಿಟ್ಟುಹೋದ ನಿನ್ನ ಕಾರಿನ ಚಳಿಗಾಲದ ಟೈರುಗಳ ಹಿಂದೆ ಇದೆ. ನವೆಂಬರ್ ಬಂತು, ಹಿಮ ಬೀಳುವ ಮೊದಲು ಈ ಸಲವಾದರೂ ಟೈರು ಬದಲಿಸಲೇಬೇಕಲ್ಲ. ಬಂದಾಗ ನೋಡು.