ರೊಟ್ಟಿಮನೆಯ ಎದುರುಹಾಡು

ಗೋಕಾಕ, ಘಟಪ್ರಭೆಯ ಎಡದಂಡೆ
ಕ್ರಿ.ಶ. 2187, ಫೆಬ್ರವರಿ 30

ನನ್ನ ಅಂಗಳದಲ್ಲಿ ನೆರೆದಿರುವ ಬಂಧುಗಳಿಗೂ ನೂರ ಅರವತ್ತು ವರ್ಷಗಳ ಹಿಂದಿನ ಕಾಲದಲ್ಲಿ ಈ ಓಲೆಯನ್ನು ಬಿಚ್ಚಲಿರುವ ಹಿರಿಯರಿಗೂ ವಂದನೆಗಳು. ಹಿಂದಿನವರಿಗೆ ಬರೆದ ಓಲೆಯನ್ನು ಕಳಿಸುವ ಮುನ್ನ ನೆರೆಯವರೆದುರು ಓದಬೇಕೆಂಬುದು ನಮ್ಮ ಕಾಲದ ಪದ್ಧತಿ. ಹಾಗಾಗಿ ಒಂದೇ ಮಾತು ಎರಡು ಕಾಲದ ಕಿವಿಗೆ ಬೀಳುತ್ತಿದೆ. ಹಿರಿಯರೇ, ಮೇಲಿನ ದಿನಾಂಕ ಕೈತಪ್ಪಲ್ಲ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ ಬಹುಕಾಲವಾಯಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಅರ್ಥ ಹೇಳುತ್ತ ಸಾಗುತ್ತೇನೆ.

ನೆರೆದವರೇ, ಹನ್ನೊಂದು ದಿನ ನೀವು ಈ ಮನೆಗೆ ಬುತ್ತಿ ಹೊತ್ತು ತಂದಿರಿ, ನನ್ನ ಪಕ್ಕದಲ್ಲಿ ಕುಳಿತಿರಿ. ಅದಕ್ಕೆ ನಾನು ಕೃತಜ್ಞ. ಆದರೆ ನಿಮ್ಮ ಅನುಕಂಪ ನನಗೆ ಬೇಡ. ನನ್ನ ಮಗಳು ಬಾಳವ್ವ ಮೂವತ್ತೊಂದನೆಯ ವಯಸ್ಸಿಗೆ ಜ್ವರಕ್ಕೆ ಬಲಿಯಾದಳು. ಆ ದುಃಖ ನನ್ನದು, ಅದನ್ನು ಹೊರಲು ನನಗೆ ಹೆಗಲಿದೆ. ಅನುಕಂಪದ ಹೆಸರಿನಲ್ಲಿ ನೀವು ತಂದಿಟ್ಟಿರುವ ಉಡುಗೊರೆಯನ್ನೂ ನಾನು ಒಪ್ಪುವುದಿಲ್ಲ. ಕಾರಣವನ್ನು ಹಿರಿಯರಿಗೂ ತಿಳಿಯುವಂತೆ ವಿವರಿಸುತ್ತೇನೆ.

ನಮ್ಮಲ್ಲಿ ಮನೆಮನೆಗೆ ಒಲೆಯಿಲ್ಲ. ಓಣಿಗೊಂದು ರೊಟ್ಟಿಮನೆಯಿದೆ; ಮುಂಜಾನೆ ಅಲ್ಲಿ ನಲವತ್ತು ಹಂಚುಗಳು ಏಕಕಾಲಕ್ಕೆ ಕಾಯುತ್ತವೆ. ಗಂಡು ಹೆಣ್ಣೆನ್ನದೆ ಪ್ರತಿಯೊಬ್ಬರಿಗೂ ಪಾಳಿಯುಂಟು. ಯಾರ ಪಾಳಿ ಯಾವ ದಿನವೆಂದು ಬಾಗಿಲ ಹಲಗೆಯ ಮೇಲೆ ಬರೆದಿರುತ್ತದೆ. ಬರೆದಿರುತ್ತದೆ, ಅಷ್ಟೇ. ಹಲಗೆಯಲ್ಲಿ ಅಡಿವೆಪ್ಪ ಮುರಗೋಡ ಎಂಬ ನನ್ನ ಹೆಸರು ಮೂವತ್ತು ವರ್ಷದಿಂದ ಇದೆ. ಹಂಚಿನ ಮುಂದೆ ಮೊದಲು ನನ್ನ ಹೆಂಡತಿ ಕುಳಿತಳು, ಅವಳು ತೀರಿಕೊಂಡ ಮೇಲೆ ನನ್ನ ಮಗಳು. ಇದು ನನ್ನೊಬ್ಬನ ಕಥೆಯಲ್ಲವೆಂದು ಈ ಅಂಗಳದ ಗಂಡಸರೆಲ್ಲ ಬಲ್ಲರು. ತಲೆ ತಗ್ಗಿಸುವ ಅಗತ್ಯವಿಲ್ಲ, ಕೇಳಿ.

ಬಾಳವ್ವ ಹಾಡು ಕಟ್ಟಿದ್ದು ಆ ಹಂಚಿನ ಮುಂದೆಯೇ. ನೀವು ಲೈವ್ ಆಲ್ಬಮ್ ಎನ್ನುವುದನ್ನು ನಾವು ಎದುರುಹಾಡು ಎನ್ನುತ್ತೇವೆ: ಕೇಳುವವರ ಎದುರಿಗೇ ಹಾಡಿ ಮುದ್ರಿಸಿದ್ದು. ಕಳೆದ ಶ್ರಾವಣದಲ್ಲಿ ಅವಳು ಹಾಗೆ ಒಂಬತ್ತು ಹಾಡು ಹಾಡಿದಳು. ವಾದ್ಯವೊಂದೂ ಇರಲಿಲ್ಲ, ನಲವತ್ತು ಹೆಂಗಸರು ರೊಟ್ಟಿ ತಟ್ಟುವ ಸದ್ದೇ ತಾಳ. ಮೂರನೆಯ ಹಾಡಿನ ನಡುವೆ ಅವಳು ನಿಲ್ಲಿಸಿ, “ಕಲ್ಲವ್ವಕ್ಕ, ಹೊತ್ತಾಕತ್ತೈತಿ ನೋಡ, ಹೊಳ್ಳಿ ಹಾಕ!” ಎಂದು ಪಕ್ಕದ ಹಂಚಿನವಳಿಗೆ ಸೀಯುತ್ತಿದ್ದ ರೊಟ್ಟಿ ಮಗುಚಲು ಕೂಗಿ, ಅದೇ ಉಸಿರಿನಲ್ಲಿ ಪಲ್ಲವಿಗೆ ಮರಳುತ್ತಾಳೆ. ಕೂಸೊಂದು ಅಳುತ್ತದೆ. ಯಾರೋ ಕೆಮ್ಮುತ್ತಾರೆ. ಐದನೆಯದು ನನ್ನ ಮೇಲೆಯೇ ಕಟ್ಟಿದ ಹಾಡು:

ಹಲಿಗಿ ಮ್ಯಾಲ ನಿನ ಹೆಸರ,
ಹಂಚಿನ ಮ್ಯಾಲ ನನ ಬೆರಳ.

ನಾನು ಬಾಗಿಲಲ್ಲಿ ನಿಂತಿದ್ದೆ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಯ ಢಾಲು ಗೆದ್ದು ತಂದವನು ನಾನು. ಮಾತಿಗೆ ಮಾತು ಕೊಡದೆ ಬದುಕಿದವನಲ್ಲ. ಕೈಯೆತ್ತಿ, “ಅಧ್ಯಕ್ಷರೇ, ಕ್ರಮಲೋಪ! ಉತ್ತರಕ್ಕೆ ಅವಕಾಶ ಕೊಡದೆ ಆರೋಪ ಸಲ್ಲದು!” ಎಂದೆ. ಹಾಡು ನಿಂತಿತು. ಬಳಿಕ ಮುದ್ರಿಕೆಯಲ್ಲಿ ಅವಳ ದನಿ ಕೇಳುತ್ತದೆ, ಸಿಟ್ಟಿಲ್ಲದ ದನಿ: “ಅಪ್ಪಾ, ಇಲ್ಲಿ ಅಧ್ಯಕ್ಷರಿಲ್ಲ, ಹಂಚೈತಿ. ಬಾ, ಮೊದಲ ಒಂದ ರೊಟ್ಟಿ ತಟ್ಟು. ಆಮ್ಯಾಲ ವಾದಾ ಮಾಡೂಣು.” ಕಲ್ಲವ್ವ ಕೂಗುತ್ತಾಳೆ, “ಹಿಟ್ಟ ಕೊಡ್ರೇ ನಮ್ಮ ವಕೀಲಗ!” ನಲವತ್ತು ಜನರ ನಗೆ. ಆಮೇಲೆ ನಾನು ಎಳೆದುಕೊಂಡು ಹೋದ ಬಾಗಿಲಿನ ಸದ್ದು. ಆ ಸದ್ದಿನ ಮೇಲೆಯೇ ಅವಳು ಆರನೆಯ ಹಾಡನ್ನು ಎತ್ತಿಕೊಂಡಳು. ಅದಾದ ಮೇಲೆ ನಾವು ಒಂದೇ ಮನೆಯಲ್ಲಿದ್ದೂ ಈ ಮಾತನ್ನು ಮತ್ತೆ ಆಡಲಿಲ್ಲ.

ಸತ್ತವರ ದನಿಯನ್ನು ತಿಳಿಗೊಳಿಸುವುದು, ಅಂದರೆ ಅವರದೊಂದನ್ನು ಉಳಿಸಿ ಮಿಕ್ಕೆಲ್ಲ ಸದ್ದನ್ನು ಸೋಸಿ ತೆಗೆಯುವುದು, ನಮ್ಮಲ್ಲಿ ಹನ್ನೊಂದನೆಯ ದಿನದ ಗೌರವ. ನೀವು ಅದನ್ನೇ ಮಾಡಿಸಿ ತಂದಿರಿ. ನನ್ನ ಮಾನ ಕಾಯಲು ನನ್ನ ಅಡ್ಡಮಾತು ತೆಗೆಸಿದಿರಿ. ಅದರೊಡನೆ ನಗೆ ಹೋಯಿತು, ಕಲ್ಲವ್ವ ಹೋದಳು, ರೊಟ್ಟಿ ತಟ್ಟುವ ಸದ್ದನ್ನು ಗದ್ದಲವೆಂದು ಬಗೆದು ತಾಳವನ್ನೇ ಕಿತ್ತೊಗೆದಿರಿ. ನಿನ್ನೆ ನಾನದನ್ನು ಕೇಳಿದೆ. ದನಿ ಇಂಪಾಗಿದೆ. ಅವಳು ಯಾರಿಗೂ ಹಾಡುತ್ತಿಲ್ಲ. ಇದ್ದಂತಿರುವ ಪ್ರತಿಯಲ್ಲಿ ನನ್ನ ಮಗಳು ಬದುಕಿದ್ದಾಳೆ. ನಿಮ್ಮ ಪ್ರತಿಯಲ್ಲಿ ಸತ್ತಿದ್ದಾಳೆ.

ಎದುರು ಪಕ್ಷದ ಪ್ರಬಲ ವಾದವನ್ನು ನಾನೇ ಮಂಡಿಸುತ್ತೇನೆ: ಮಗಳ ಹಾಡಿಗೆ ಅಡ್ಡ ಬಂದ ತಂದೆಯೆಂದು ಊರೂರು ನಗುವುದಿಲ್ಲವೇ? ನಗಲಿ. ಬೈಲಹೊಂಗಲದಿಂದ ರಾಯಚೂರಿನವರೆಗೆ ಹೆಂಗಸರು ಈ ಎದುರುಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಬರಿಯ ಕಂಠಕ್ಕಲ್ಲ. ತಮ್ಮ ಮನೆಯಲ್ಲೂ ಏಳುವ ಆ ಗಂಡುದನಿಗೆ ಒಬ್ಬಳು ಹಾಡು ನಿಲ್ಲಿಸಿ, ನಕ್ಕು, ಉತ್ತರ ಕೊಟ್ಟು, ಮತ್ತೆ ಹಾಡಿದಳಲ್ಲ, ಅದಕ್ಕೆ. ನನ್ನ ಅಡ್ಡಮಾತನ್ನು ಅಳಿಸಿದರೆ ಅವಳ ಉತ್ತರಕ್ಕೆ ನೆಲೆಯೆಲ್ಲಿ? ಜೀವಮಾನದಲ್ಲಿ ನಾನು ಸೋತದ್ದು ಆ ಒಂದು ಚರ್ಚೆಯಲ್ಲಿ. ಆ ಸೋಲನ್ನು ಕದಿಯುವ ಹಕ್ಕು ನಿಮಗಿಲ್ಲ.

ಹಿರಿಯರೇ, ನಿಮ್ಮಲ್ಲಿ ನಿಮ್ಮ ಗಾಯಕಿಯರ ಇಂಥ ಧ್ವನಿಮುದ್ರಿಕೆಗಳು ಇನ್ನೂ ಇರಬಹುದು. ಕೆಮ್ಮು, ಕೂಗು, ಜಗಳಗಳ ಸಮೇತ ಅವನ್ನು ಕಾಪಾಡಿ. ತಿಳಿಗೊಳಿಸುವ ಚಟ ನಿಮ್ಮ ಕಾಲದಲ್ಲೇ ಆರಂಭವಾಯಿತೆಂದು ನಮ್ಮ ಪುಸ್ತಕಗಳು ಹೇಳುತ್ತವೆ.

ನೆರೆದವರೇ, ಯಾರನ್ನೂ ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ. ನೀವು ಕೊಟ್ಟ ತಿಳಿಪ್ರತಿಯನ್ನು ಇಂದು ಬೆಳಿಗ್ಗೆ ಅಳಿಸಿಹಾಕಿದೆ. ಉಳಿದಿರುವುದು ಇದ್ದಂತಿರುವ ಪ್ರತಿ. ಅಡ್ಡ ಬಂದವನು ಅಡಿವೆಪ್ಪ ಮುರಗೋಡ ಎಂದು ಅದರ ಮೇಲೆ ನನ್ನ ಕೈಯಾರೆ ಬರೆದಿದ್ದೇನೆ. ನಾಳೆ ಹಲಗೆಯ ಮೇಲೆ ನನ್ನ ಪಾಳಿಯಿದೆ. ಹಂಚಿನ ಮುಂದೆ ನಾನೇ ಕೂರುತ್ತೇನೆ. ಕಲ್ಲವ್ವ, ಹಿಟ್ಟು ನಾದಿಡು. ಬಾಳವ್ವನ ಹಾಡು ಹಾಕಿ. ಐದನೆಯದರಲ್ಲಿ ನನ್ನ ದನಿ ಬಂದಾಗ ಯಾರೂ ಸದ್ದು ತಗ್ಗಿಸಕೂಡದು.